ಜಾಲಹಳ್ಳಿಯ ಜರ್ಮೇನಿಯಂ, ಗೆಳೆಯರ ಗಿಟಾರ್: ಫಜ್ ಪೆಡಲ್ ಮಾಡಿ ಹಂಚಿದ ನನ್ನ ಅನುಭವ

ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್ (ತಿರುಗಿಸುವ ಗುಂಡಿ). 1966ರಲ್ಲಿ ಲಂಡನ್ನಿನ ಅರ್ಬಿಟರ್ ಕಂಪನಿ ಹೊರತಂದ ಫಜ್ ಫೇಸ್ ಪೆಡಲಿನ ಸರ್ಕ್ಯೂಟ್ ಇಷ್ಟೇ. ಫಜ್ ಪೆಡಲ್ ಎಂದರೆ ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಕೂತು, ಸ್ವರವನ್ನು ಬೇಕೆಂದೇ ಕರಕರ ಎನ್ನುವಂತೆ ಒಡೆಯುವ, ಕಾಲಿನಿಂದ ಒತ್ತುವ ಡಬ್ಬಿ. ಬೆಸುಗೆ ಹಾಕಲು ಬರುವ ಯಾರಾದರೂ ಒಂದು ಮಧ್ಯಾಹ್ನದಲ್ಲಿ ಜೋಡಿಸಿ ಮುಗಿಸಬಹುದು. ಆದರೆ ಬಿಡಿಭಾಗಗಳು ಇಷ್ಟು ಕಡಿಮೆ ಇರುವಾಗ ಒಂದರ ತಪ್ಪನ್ನು ಮುಚ್ಚಲು ಇನ್ನೊಂದು ಇರುವುದಿಲ್ಲ. ಟ್ರಾನ್ಸಿಸ್ಟರ್ ಚೆನ್ನಾಗಿದ್ದರೆ ಪೆಡಲ್ ಹಾಡುತ್ತದೆ, ಇಲ್ಲವಾದರೆ ಕೆಮ್ಮುತ್ತದೆ.

ಆ ಕಾಲದ ಫಜ್ ಫೇಸ್‌ಗಳಲ್ಲಿ ಇದ್ದದ್ದು ಈಗಿನ ಸಿಲಿಕಾನಿನವಲ್ಲ, ಜರ್ಮೇನಿಯಂ ಎಂಬ ಧಾತುವಿನಿಂದ ಮಾಡಿದ ಟ್ರಾನ್ಸಿಸ್ಟರ್‌ಗಳು. ಈಗ ವಿದೇಶದಿಂದ ತರಿಸಿದರೆ ದುಬಾರಿ, ಅದರ ಮೇಲೆ ನಕಲಿಯ ಭಯ. ಆದರೆ ನಮ್ಮ ಬೆಂಗಳೂರಿನ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ, ಅಂದರೆ ಎಲ್ಲರ ಬಾಯಲ್ಲಿ ಇರುವ ಬಿಇಎಲ್, 1962ರಿಂದಲೇ ಜರ್ಮೇನಿಯಂ ಸೆಮಿಕಂಡಕ್ಟರ್‌ಗಳನ್ನು ತಯಾರಿಸುತ್ತಿತ್ತು. ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಬಿಚ್ಚಿದರೆ ಸ್ಪೀಕರಿಗೆ ಶಕ್ತಿ ಕೊಡುವ ಜಾಗದಲ್ಲಿ ಎಸಿ128 (AC128) ಎಂಬ ಜರ್ಮೇನಿಯಂ ಟ್ರಾನ್ಸಿಸ್ಟರ್ ಜೋಡಿಯಾಗಿ ಕುಳಿತಿರುವುದು ಸಾಮಾನ್ಯ. ಫಜ್‌ಗೆ ಬೇಕಾದದ್ದೂ ಅಂಥ ಜೋಡಿಯೇ. ಎಸ್.ಪಿ. ರಸ್ತೆಯ ಒಳಗಲ್ಲಿಗಳಲ್ಲಿ, ಮುಚ್ಚುವ ಹಂತಕ್ಕೆ ಬಂದ ರೇಡಿಯೊ ರಿಪೇರಿ ಅಂಗಡಿಗಳಲ್ಲಿ ನಾನು ಇವನ್ನು ಹುಡುಕಲು ಶುರುಮಾಡಿದೆ. "ಸ್ವಾಮಿ, ಇದನ್ನೆಲ್ಲ ಗುಜರಿಗೆ ಹಾಕಬೇಕು ಅಂತಿದ್ದೆ, ನಿಮಗೆ ಯಾಕೆ?" ಎಂದು ಒಬ್ಬ ಹಿರಿಯ ಮೆಕ್ಯಾನಿಕ್ ಡಬ್ಬಿಯನ್ನೇ ನನ್ನ ಮುಂದೆ ಸುರಿದರು. ಯಾಕೆಂದು ವಿವರಿಸಿದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಜೀವನವಿಡೀ ರೇಡಿಯೊಗಳ ಕರಕರ ಸದ್ದನ್ನು ಹೋಗಲಾಡಿಸಿದವರ ಎದುರು, ಅದೇ ಸದ್ದು ಬೇಕೆಂದು ಕೇಳುವವನು ನಿಂತಿದ್ದೆ.

ತಂದದ್ದೆಲ್ಲ ಕೆಲಸಕ್ಕೆ ಬರುವುದಿಲ್ಲ. ಮೊದಲ ಪರೀಕ್ಷೆ ಮಲ್ಟಿಮೀಟರಿನ ಡಯೋಡ್ ಸ್ಥಾನದಲ್ಲಿ: ಜರ್ಮೇನಿಯಂ ಆದರೆ 0.2ರಿಂದ 0.3 ವೋಲ್ಟ್ ಆಸುಪಾಸು ತೋರಿಸಬೇಕು. 0.6 ಬಂದರೆ ಒಳಗಿರುವುದು ಸಿಲಿಕಾನ್, ಮೇಲೆ ಏನೇ ಬರೆದಿರಲಿ. ಎರಡನೆಯದು ಸೋರಿಕೆಯ ಪರೀಕ್ಷೆ. ಟ್ರಾನ್ಸಿಸ್ಟರಿಗೆ ಬೇಸ್, ಕಲೆಕ್ಟರ್, ಎಮಿಟರ್ ಎಂದು ಮೂರು ಕಾಲು. ಜರ್ಮೇನಿಯಂ ಟ್ರಾನ್ಸಿಸ್ಟರ್‌ನಲ್ಲಿ ಬೇಸ್‌ಗೆ ಏನೂ ಕೊಡದಿದ್ದರೂ ಒಂದಿಷ್ಟು ಕರೆಂಟ್ ಹರಿಯುತ್ತಲೇ ಇರುತ್ತದೆ. ಸಾಮಾನ್ಯ ಮೀಟರ್ ಅದನ್ನೂ ಗೇನ್ (ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ) ಎಂದೇ ಲೆಕ್ಕ ಹಿಡಿಯುತ್ತದೆ. ಹಾಗಾಗಿ ಕಲೆಕ್ಟರ್ ಮತ್ತು 9 ವೋಲ್ಟ್ ಬ್ಯಾಟರಿಯ ಋಣ ತುದಿಯ ನಡುವೆ ಸುಮಾರು 2.47 ಕಿಲೋಓಮ್ ರೆಸಿಸ್ಟರ್ ಹಾಕಿ, ಎಮಿಟರನ್ನು ಧನ ತುದಿಗೆ ಕೊಟ್ಟು, ಬೇಸನ್ನು ಖಾಲಿ ಬಿಟ್ಟು ಆ ರೆಸಿಸ್ಟರಿನ ಮೇಲಿನ ವೋಲ್ಟೇಜ್ ಅಳೆಯುತ್ತೇನೆ. ಅದು ಸೋರಿಕೆ. ಆಮೇಲೆ ಋಣ ತುದಿಯಿಂದಲೇ 2.2 ಮೆಗಾಓಮ್ ಮೂಲಕ ಬೇಸ್‌ಗೆ ಜೋಡಿಸಿ ಇನ್ನೊಮ್ಮೆ ಅಳತೆ. ಮೊದಲಿನದನ್ನು ಕಳೆದು ಉಳಿದದ್ದನ್ನು ನೂರರಿಂದ ಗುಣಿಸಿದರೆ ನಿಜವಾದ ಗೇನ್ ಸಿಗುತ್ತದೆ. ಮೊದಲ ಸ್ಥಾನಕ್ಕೆ 70ರ ಸುಮಾರಿನದು, ಎರಡನೆಯದಕ್ಕೆ 110-120 ಇರುವುದು ನನ್ನ ಕಿವಿಗೆ ಇಷ್ಟ. ಅಳೆಯುವಾಗ ಬೆರಳು ತಗುಲಿಸಬಾರದು. ಮೈಬಿಸಿಗೇ ಅಂಕಿ ಮೇಲೇರುತ್ತದೆ.

ಈ ಬಿಸಿಯ ಕಾಟದಿಂದಲೇ ನಾನು ಎರಡನೆಯ ಟ್ರಾನ್ಸಿಸ್ಟರಿನ 8.2 ಕಿಲೋಓಮ್ ರೆಸಿಸ್ಟರಿನ ಜಾಗದಲ್ಲಿ ಒಂದು ಟ್ರಿಮ್‌ಪಾಟ್ (ಸ್ಕ್ರೂಡ್ರೈವರಿನಿಂದ ತಿರುಗಿಸಿ ಹೊಂದಿಸುವ ಸಣ್ಣ ರೆಸಿಸ್ಟರ್) ಹಾಕಿ, ಸ್ಕ್ರೂಡ್ರೈವರ್ ಹೋಗುವಷ್ಟು ತೂತನ್ನು ಡಬ್ಬಿಯಲ್ಲಿ ಬಿಡುತ್ತೇನೆ. ಕಲೆಕ್ಟರಿನಲ್ಲಿ ಸುಮಾರು 4.5 ವೋಲ್ಟ್ ಇರುವಂತೆ ತಿರುಗಿಸಿಕೊಂಡರೆ ಏಪ್ರಿಲ್ ಆದರೂ ಸರಿ, ವೇದಿಕೆಯ ದೀಪದ ಕೆಳಗಾದರೂ ಸರಿ. ಡಬ್ಬಿ ಲೋಹದ್ದೇ ಆಗಿರಬೇಕು, ಅದನ್ನು ಗ್ರೌಂಡಿಗೆ ಜೋಡಿಸಿರಬೇಕು. ಪ್ಲಾಸ್ಟಿಕ್ ಆದರೆ ಟ್ಯೂಬ್‌ಲೈಟಿನ ಗುಂಯ್ ಸದ್ದೆಲ್ಲ ಒಳಗೆ ಬರುತ್ತದೆ. ಎರಕದ ಅಲ್ಯೂಮಿನಿಯಂ ಡಬ್ಬಿ ಸಿಗದಿದ್ದಾಗ ಸ್ವಿಚ್‌ಬೋರ್ಡಿನ ಜಿಐ ಬಾಕ್ಸನ್ನೂ ಬಳಸಿದ್ದೇನೆ. ನೋಡಲು ಚೆಂದವಿಲ್ಲ, ಕಾಲಿನ ಒದೆತಕ್ಕೆ ಮಾತ್ರ ಜಗ್ಗುವುದಿಲ್ಲ.

ಮೇಜಿನ ಮೇಲೆ ಚೆನ್ನಾಗಿ ನುಡಿದ ಪೆಡಲ್ ಬೇರೆಯವರ ಮನೆಗೆ ಹೋದಾಗಲೇ ಅದರ ಗುಣ ಗೊತ್ತಾಗುವುದು. ಗಿಟಾರ್ ನುಡಿಸುವ ಗೆಳೆಯರ ನಮ್ಮ ಸಣ್ಣ ಗುಂಪಿನಲ್ಲಿ ಪೆಡಲ್‌ಗಳು ಮನೆಯಿಂದ ಮನೆಗೆ ತಿರುಗುತ್ತವೆ. ಮೊದಲು ಎದುರಾದದ್ದು ಕರೆಂಟಿನ ಸಮಸ್ಯೆ. ಎಸಿ128 ಪಿಎನ್‌ಪಿ ಬಗೆಯದು; ಹಳೆಯ ರೀತಿಯಲ್ಲಿ ಕಟ್ಟಿದರೆ ಬ್ಯಾಟರಿಯ ಧನ ತುದಿಯೇ ಗ್ರೌಂಡ್ ಆಗುತ್ತದೆ. ಉಳಿದ ಪೆಡಲ್‌ಗಳದ್ದು ತದ್ವಿರುದ್ಧ. ಒಂದೇ ಅಡಾಪ್ಟರಿನಿಂದ ಎಲ್ಲಕ್ಕೂ ಕವಲು ತಂತಿ ಎಳೆದಿದ್ದರೆ ನೇರ ಶಾರ್ಟ್. ಹಾಗಾಗಿ ಹಂಚುವ ಪೆಡಲ್‌ಗಳಲ್ಲಿ ಅಡಾಪ್ಟರಿನ ತೂತನ್ನೇ ಕೊರೆಯುವುದಿಲ್ಲ, ಬ್ಯಾಟರಿ ಮಾತ್ರ. ವೋಲ್ಟೇಜನ್ನು ತಿರುವಿಕೊಡುವ 7660ಎಸ್ ಐಸಿ ಹಾಕಿ, ಅದರ ಒಂದನೆಯ ಕಾಲನ್ನು ಧನ ವೋಲ್ಟೇಜಿಗೆ ಕಟ್ಟಿದರೆ ಅಡಾಪ್ಟರ್ ಬಳಸಬಹುದು. ಆ ಕಾಲನ್ನು ಹಾಗೇ ಬಿಟ್ಟರೆ ಐಸಿಯ ಸಣ್ಣ ಸಿಳ್ಳೆ ಆಂಪ್ಲಿಫೈಯರಿನಲ್ಲಿ ಕೇಳುತ್ತದೆ. ಕೇಳಿದವರಿಗೆ ಮಾಡಿಕೊಡುತ್ತೇನೆ, ಆದರೆ ಬ್ಯಾಟರಿಯೇ ಹಿತ ಎಂಬ ನನ್ನ ಹಟ ಹೋಗಿಲ್ಲ.

ಎರಡನೆಯ ಪಾಠ ಕಲಿಸಿದ್ದು ಗಿಟಾರಿನಲ್ಲಿ ಕರ್ನಾಟಕ ಸಂಗೀತ ನುಡಿಸುವ ಗೆಳೆಯ. ಫಜ್ ಎಂದರೆ ಗದ್ದಲ ಎಂದುಕೊಂಡಿದ್ದವನು, ಒಂದೇ ತಂತಿಯ ಮೇಲೆ ತೋಡಿಯ ಗಾಂಧಾರವನ್ನು ಎಳೆದು ನೋಡಿ ಪೆಡಲನ್ನು ವಾಪಸು ಕೊಡಲಿಲ್ಲ. ಫಜ್ ಸ್ವರದ ಅಬ್ಬರವನ್ನು ಕತ್ತರಿಸಿ ಬಾಲವನ್ನು ಉದ್ದ ಮಾಡುವುದರಿಂದ, ಮೀಟಿದ ಮೇಲೆ ಗಮಕಕ್ಕೆ ಹೆಚ್ಚು ಹೊತ್ತು ಸಿಗುತ್ತದೆ. ಎರಡು ತಂತಿ ಒಟ್ಟಿಗೆ ಮೀಟಿದರೆ ಮಾತ್ರ ಕಥೆ ಬೇರೆ: ಅವುಗಳ ಕಂಪನದ ವ್ಯತ್ಯಾಸವೂ ಒಂದು ಸ್ವರವಾಗಿ ಹುಟ್ಟುತ್ತದೆ. ಸ-ಪ ಎಂದರೆ 2 ಮತ್ತು 3ರ ಅನುಪಾತ. ವ್ಯತ್ಯಾಸ 1, ಅಂದರೆ ಕೆಳಗಿನ ಸ್ಥಾಯಿಯ ಷಡ್ಜವೇ. ಶ್ರುತಿ ಸೇರಿದಂತೆ ತುಂಬಿಕೊಳ್ಳುತ್ತದೆ. ಬೇರೆ ಹೆಚ್ಚಿನ ಜೋಡಿಗಳು ಹೀಗೆ ಕೃಪೆ ತೋರುವುದಿಲ್ಲ. ರಾಕ್ ಗಿಟಾರ್ ವಾದಕರು ಫಜ್ ಹಾಕಿದಾಗ ಮೂಲ ಸ್ವರ ಮತ್ತು ಪಂಚಮವನ್ನಷ್ಟೇ ಹಿಡಿಯುವುದಕ್ಕೂ ಇದೇ ಕಾರಣ.

ಇನ್ನೊಬ್ಬರು "ಇದು ಜೇನೊಣದ ಹಾಗೆ ಗುಯ್‌ಗುಡುತ್ತದೆ, ದಪ್ಪವೇ ಇಲ್ಲ" ಎಂದು ಹಿಂದಿರುಗಿಸಿದರು. ಅವರ ಮನೆಗೆ ಹೋಗಿ ನೋಡಿದರೆ ಫಜ್‌ಗಿಂತ ಮೊದಲು ಬಫರ್ (ಗಿಟಾರಿನ ಸಂಕೇತವನ್ನು ಗಟ್ಟಿ ಮಾಡಿ ಮುಂದಕ್ಕೆ ಕಳಿಸುವ ಸರ್ಕ್ಯೂಟ್) ಇರುವ ಟ್ಯೂನರ್ ಪೆಡಲ್ ಕೂತಿತ್ತು. ಈ ಸರ್ಕ್ಯೂಟ್ ನೇರವಾಗಿ ಗಿಟಾರಿನ ಪಿಕಪ್ಪನ್ನೇ (ತಂತಿಯ ಕಂಪನವನ್ನು ಕರೆಂಟಾಗಿಸುವ ಭಾಗ) ಎಳೆಯಬೇಕು, ನಡುವೆ ಯಾರೂ ಇರಬಾರದು. ಜಾಗ ಅದಲುಬದಲು ಮಾಡಿದೆವು. ಗಿಟಾರಿನ ವಾಲ್ಯೂಮ್ ತಗ್ಗಿಸಿದರೆ ಫಜ್ ತಿಳಿಯಾಗುವುದೂ ಅವರಿಗೆ ಆಗ ಕೇಳಿಸಿತು.

ಹಣ ತೆಗೆದುಕೊಳ್ಳುವುದಿಲ್ಲ. ಬದಲಿಗೆ ಅಟ್ಟದ ಮೇಲೆ ಕೆಟ್ಟು ಬಿದ್ದಿರುವ ಟ್ರಾನ್ಸಿಸ್ಟರ್ ರೇಡಿಯೊ ಇದ್ದರೆ ಕೊಡಿ ಎನ್ನುತ್ತೇನೆ. ಮುಂದಿನ ಪೆಡಲ್ ಅದರೊಳಗಿಂದಲೇ ಬರುತ್ತದೆ. ಸರ್ಕ್ಯೂಟಿನ ನಕ್ಷೆ ಮಡಚಿ ಡಬ್ಬಿಯೊಳಗೇ ಇಡುತ್ತೇನೆ, ಮುಚ್ಚಳದ ಹಿಂದೆ ಪ್ರತಿ ಕಾಲಿನ ವೋಲ್ಟೇಜ್ ಮಾರ್ಕರಿನಲ್ಲಿ ಬರೆದಿರುತ್ತೇನೆ. ಮೂಲ ಕಂಪನಿಯ ಹೆಸರು, ಲಾಂಛನ ಮಾತ್ರ ಹಾಕುವುದಿಲ್ಲ. ಕೆಲವು ತಯಾರಕರು ಬೋರ್ಡಿನ ಮೇಲೆ ಎಪಾಕ್ಸಿ ಸುರಿದು ಗುಟ್ಟು ಕಾಯುತ್ತಾರೆ. ಕ್ಲಾನ್ ಸೆಂಟಾರ್ ಎಂಬ ಹೆಸರಾಂತ ಪೆಡಲ್ ಹಾಗೆಯೇ ಬಂತು, ಆಸಕ್ತರು ಅದನ್ನೂ ಕೆರೆದು ನಕ್ಷೆ ಬರೆದರು. ಎರಡು ಟ್ರಾನ್ಸಿಸ್ಟರಿಗೆ ಗುಟ್ಟೇನು ಬಂತು?

ವಾರಕ್ಕೊಮ್ಮೆ ಕಾರ್ಯಕ್ರಮ ಕೊಡುವವರಿಗೆ ಈಗ ಶಾಖಕ್ಕೆ ಅಷ್ಟಾಗಿ ಅಂಜದ ಬಿಸಿ108 (BC108) ಎಂಬ ಸಿಲಿಕಾನ್ ಟ್ರಾನ್ಸಿಸ್ಟರ್ ಹಾಕಿ ಕೊಡುತ್ತಿದ್ದೇನೆ; ಜರ್ಮೇನಿಯಂ ಮನೆಯಲ್ಲಿ ಕೂತು ನುಡಿಸುವವರಿಗೆ. ಎರಡರ ಮೇಲೂ ಒಂದೇ ಚೀಟಿ ಅಂಟಿಸಿದ್ದೇನೆ: "ನುಡಿಸಿದ ಮೇಲೆ ಗಿಟಾರಿನ ಕೇಬಲ್ ಕಳಚಿ." ಕೇಬಲ್ ಚುಚ್ಚಿಯೇ ಬಿಟ್ಟರೆ ಪೆಡಲಿನಲ್ಲಿ ಕರೆಂಟ್ ಹರಿಯುತ್ತಲೇ ಇರುತ್ತದೆ, ಹಾಗೆ ಸತ್ತ ಬ್ಯಾಟರಿಗೆ ನಾನು ಹೊಣೆಯಲ್ಲ.