ಸ್ಯಾನ್ ಫ್ರಾನ್ಸಿಸ್ಕೊ ವಿಮಾನಕ್ಕೆ ಎಷ್ಟು ಹೊತ್ತು? ಲೆಕ್ಕ ಹಾಕುವುದು ಹೀಗೆ

ನಮ್ಮ ಬೀದಿಯ ರಾಯರು ಅಮೆರಿಕದಿಂದ ಬರುವ ಮಗಳನ್ನು ಕರೆತರಲು ದೇವನಹಳ್ಳಿಗೆ ಹೋಗಿ, ಬೆಳಗಿನ ಜಾವ ಮೂರರಿಂದ ಏಳರವರೆಗೆ ಕಾದು, ಒಬ್ಬರೇ ವಾಪಸಾದರು. ಹೋಗಿದ್ದು ಒಂದು ದಿನ ಮೊದಲೇ. ಇಂಥವರನ್ನು ಸಾಕಷ್ಟು ನೋಡಿದ್ದೇನೆ.

ಮೊದಲು ದೂರ. ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಡಬೇಡಿ, ಉಂಡೆ ಭೂಮಿಯನ್ನು ಚಪ್ಪಟೆ ಮಾಡಿದಾಗ ದೂರವೆಲ್ಲ ಹಿಗ್ಗಿಹೋಗಿರುತ್ತದೆ. 30 ಸೆಂ.ಮೀ. ವ್ಯಾಸದ ಗ್ಲೋಬ್ ತಂದು, ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ದಾರ ಬಿಗಿದು ಹಿಡಿಯಿರಿ. ದಾರ ಪೆಸಿಫಿಕ್ ಸಾಗರದ ನಡುವೆ ಹೋಗುವುದಿಲ್ಲ. ಸೈಬೀರಿಯಾ, ಅಲಾಸ್ಕಾ ಮೇಲಿಂದ ಇಳಿಯುತ್ತದೆ. ಉದ್ದ ಸುಮಾರು 33 ಸೆಂ.ಮೀ. ಒಂದು ಸೆಂ.ಮೀ.ಗೆ 425 ಕಿ.ಮೀ.ಯಂತೆ 14,000 ಕಿ.ಮೀ. (ಮಕ್ಕಳ ಮೆಂಡರ್ ಗ್ಲೋಬ್‌ನಲ್ಲಿ ಅಳೆದವರೂ ಇದ್ದಾರೆ. ಅದು ಪೆನ್ಸಿಲ್ ಹೆರೆಯಲಿಕ್ಕಷ್ಟೇ.) ಇಂಟರ್‌ನೆಟ್‌ನಲ್ಲಿ 7,550 ಎಂದು ಕಂಡರೆ ಗಾಬರಿ ಬೇಡ, ಅದು ಹಡಗು, ವಿಮಾನದವರು ಬಳಸುವ ನಾಟಿಕಲ್ ಮೈಲಿ, ಕಿ.ಮೀ. ಬೇಕಾದರೆ 1.852ರಿಂದ ಗುಣಿಸಿ.

ಇನ್ನು ಹೊತ್ತು. ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹಾರುತ್ತದೆ. ದೂರವನ್ನು 900ರಿಂದ ಭಾಗಿಸಿ, ಏರಿ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಿ: 16 ಗಂಟೆ. ಗಾಳಿ ಎದುರಾದರೆ, ದಾರಿ ಬಳಸಿದರೆ ಇನ್ನೊಂದೆರಡು ಗಂಟೆ.

ಎಲ್ಲರೂ ಮುಗ್ಗರಿಸುವುದು ಗಡಿಯಾರದ ಮುಂದೆ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ಇಳಿಯುವ ಹೊತ್ತು ಇಳಿಯುವ ಊರಿನದು. ಅವೆರಡನ್ನು ನೇರವಾಗಿ ಕಳೆಯಲೇಬಾರದು. ಸೋಮವಾರ ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು, ಅದೇ ಸೋಮವಾರ ಸಂಜೆ 5.30ಕ್ಕೆ ಅಲ್ಲಿಳಿಯುವ ವಿಮಾನ ಮೂರೂವರೆ ಗಂಟೆಯಲ್ಲಿ ಹೋಯಿತೇ? ಇಳಿಯುವ ಹೊತ್ತನ್ನು ಮೊದಲು ನಮ್ಮ ಹೊತ್ತಿಗೆ ತನ್ನಿ. ಚಳಿಗಾಲದಲ್ಲಿ ಅವರು ನಮಗಿಂತ 13.30 ಗಂಟೆ ಹಿಂದೆ. ಅಷ್ಟು ಕೂಡಿಸಿದರೆ ಇಲ್ಲಿ ಮಂಗಳವಾರ ಬೆಳಗ್ಗೆ 7; ಪ್ರಯಾಣ 17 ಗಂಟೆ. ಆದರೆ ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ಅಂತರ 12.30. ಅದೇ ಟಿಕೆಟ್, ಲೆಕ್ಕ 16 ಗಂಟೆ!

ವಾಪಸ್ ಬರುವಾಗ ದಿನವೇ ಜಾರುತ್ತದೆ. 2021ರಲ್ಲಿ ಈ ದಾರಿಯಲ್ಲಿ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನ, ಕಾಕ್‌ಪಿಟ್‌ನಲ್ಲಿ ಮಹಿಳೆಯರೇ ಇದ್ದದ್ದು, ಉತ್ತರ ಧ್ರುವದ ಮೇಲಿಂದ ಹಾರಿ ಬಂತಲ್ಲ, ಅದು ಅಲ್ಲಿ ಬಿಟ್ಟದ್ದು ಜನವರಿ 9ರ ರಾತ್ರಿ, ಇಲ್ಲಿಳಿದದ್ದು 11ರ ಬೆಳಗಿನ ಜಾವ. ಎರಡು ದಿನ ಹಾರಲಿಲ್ಲ, ನಡುವಿನ ಭಾನುವಾರವನ್ನು ಗಡಿಯಾರವೇ ಅರ್ಧ ನುಂಗಿತು. ಟಿಕೆಟ್‌ನಲ್ಲಿ ಇಳಿಯುವ ಹೊತ್ತಿನ ಪಕ್ಕ ಇರುವೆಯಷ್ಟು ಅಕ್ಷರದಲ್ಲಿ ‘+2’ ಎಂದಿರುತ್ತದೆ. ರಾಯರ ಕನ್ನಡಕಕ್ಕೆ ಸಿಗದಿದ್ದದ್ದು ಅದೇ.

ಸಮಯ ಬದಲಿಸುವ ಆ್ಯಪ್‌ಗಳಲ್ಲಿ ನಮ್ಮ ಭಾರತದ ಸಮಯಕ್ಕೆ ‘ಐಎಸ್‌ಟಿ’ ಎಂದು ಹಾಕಬೇಡಿ, ಇಸ್ರೇಲ್, ಐರ್ಲೆಂಡ್‌ನವರಿಗೂ ಅದೇ ಅಕ್ಷರ. ಊರಿನ ಹೆಸರೇ ಬರೆಯಿರಿ. ದುಬೈ, ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಹತ್ತುವ ಟಿಕೆಟ್ ಆದರೆ ಅಲ್ಲಿ ಕಾಯುವ ಹೊತ್ತನ್ನು ಬೇರೆ ಬರೆದಿಟ್ಟುಕೊಳ್ಳಿ. ಕರೆತರುವವರು ವಿಮಾನ ಇಳಿದ ಮೇಲೆ ಮನೆ ಬಿಟ್ಟರೂ ನಡೆಯುತ್ತದೆ. ಇಮಿಗ್ರೇಷನ್ ಸಾಲು, ಸೂಟ್‌ಕೇಸ್ ಎಲ್ಲ ಮುಗಿಸಿ ಅವರು ಹೊರಬರುವಷ್ಟರಲ್ಲಿ ಹೆಬ್ಬಾಳದವರು ಆರಾಮಾಗಿ ತಲುಪಿರುತ್ತಾರೆ.