ಮಕ್ಕಳ ಹೃದ್ರೋಗ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ: ಕೈತಪ್ಪದಂತೆ ದಾಟಿಸುವುದು ಹೇಗೆ?

‘ಚಿಕ್ಕವಳಿದ್ದಾಗ ಹಾರ್ಟಲ್ಲಿ ತೂತಿತ್ತು, ಆಪರೇಷನ್ ಮಾಡಿ ಮುಚ್ಚಿದ್ದಾರೆ, ಈಗೇನೂ ಇಲ್ಲ.’ ಹುಟ್ಟಿನಿಂದ ಹೃದಯದೋಷವಿದ್ದ ಮಕ್ಕಳ ಮನೆಗಳಲ್ಲಿ ಈ ಮಾತನ್ನು ಹೇಳಿ ಹೇಳಿ ಎಷ್ಟು ಗಟ್ಟಿಯಾಗಿರುತ್ತದೆಂದರೆ, ಮಗುವಿಗೆ ಹದಿನೆಂಟು ತುಂಬಿದಾಗ ಮುಂದಿನ ಚೆಕಪ್ ಎಲ್ಲಿ ಎಂಬ ಪ್ರಶ್ನೆಯೇ ಏಳುವುದಿಲ್ಲ. ಸಣ್ಣ ತೂತು, ಸಕಾಲಕ್ಕೆ ಮುಚ್ಚಿದ್ದು, ಏನೂ ಬಾಕಿ ಉಳಿದಿಲ್ಲ ಎಂದು ತಜ್ಞರೇ ಬರೆದುಕೊಟ್ಟಿದ್ದರೆ ಸರಿ. ಆದರೆ ಟೆಟ್ರಾಲಜಿ ಆಫ್ ಫ್ಯಾಲೋದಂಥ (ಹೃದಯದ ನಾಲ್ಕು ದೋಷಗಳು ಒಟ್ಟಿಗೇ ಇರುವ) ದೋಷಗಳಲ್ಲಿ ಆಗಿರುವುದು ರಿಪೇರಿ ಮಾತ್ರ. ಶ್ವಾಸಕೋಶದ ಕಡೆಗೆ ರಕ್ತ ಹೋಗುವ ದಾರಿಯನ್ನು ಅಗಲ ಮಾಡುವಾಗ ಅಲ್ಲಿನ ಕವಾಟ ಅನೇಕರಲ್ಲಿ ಸೋರುವಂತಾಗುತ್ತದೆ. ಆ ಸೋರಿಕೆಯನ್ನು ಬಲ ಹೃತ್ಕುಕ್ಷಿ ವರ್ಷಗಟ್ಟಲೆ ಸದ್ದಿಲ್ಲದೆ ತಾಳಿಕೊಂಡು, ಒಳಗೊಳಗೇ ಹಿಗ್ಗುತ್ತ ಹೋಗುತ್ತದೆ. ಏದುಸಿರು ಶುರುವಾಗುವ ಹೊತ್ತಿಗೆ ಹೊಸ ಕವಾಟ ಹಾಕಲು ಸರಿಯಾದ ಸಮಯ ದಾಟಿರಬಹುದು. ಅದನ್ನು ಮೊದಲೇ ಹಿಡಿಯುವುದು ಎಕೋ, ಎಂಆರ್‌ಐ, ಇಸಿಜಿ. ‘ನನಗೇನೂ ಆಗ್ತಿಲ್ಲ’ ಎನ್ನುವ ರೋಗಿಯ ಮಾತನ್ನು ನಂಬಿ ಕೂರುವಂತಿಲ್ಲ.

ಕೆನಡಾದಲ್ಲಿ ಸಂಕೀರ್ಣ ಹೃದಯದೋಷವಿದ್ದ 19ರಿಂದ 21 ವರ್ಷದ 360 ಮಂದಿಯನ್ನು ಹಿಂಬಾಲಿಸಿ ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ದೊಡ್ಡವರ ವಿಭಾಗಕ್ಕೆ ಸರಿಯಾಗಿ ಹೋಗಿ ಸೇರಿದ್ದವರು ಶೇ 47 ಮಾತ್ರ. ‘ಇನ್ನು ಮುಂದೆ ಇಂಥಲ್ಲಿ ತೋರಿಸಿ’ ಎಂದು ಫೈಲಿನಲ್ಲಿ ಬರೆದಿದ್ದವರು, ಚೆಕಪ್‌ಗೆ ಅಪ್ಪ ಅಮ್ಮನಿಲ್ಲದೆ ಹೋಗುತ್ತಿದ್ದವರು ಹೆಚ್ಚಾಗಿ ದಾಟಿದ್ದರು. ಕೆಳಗಿನ ಹಂತಗಳೆಲ್ಲ ಈ ಎರಡು ಸಂಗತಿಗಳ ಸುತ್ತಲೇ ಇವೆ.

ಹಂತ 1: ಹನ್ನೆರಡಕ್ಕೇ ಶುರು ಮಾಡಿ

ವರ್ಗಾವಣೆ ಹದಿನೆಂಟರ ಆಸುಪಾಸಿನಲ್ಲಿ, ತಯಾರಿ ಹನ್ನೆರಡರಲ್ಲಿ. ಆಪರೇಷನ್ ಹತ್ತಿರವಿದ್ದಾಗ, ಔಷಧಿ ಬದಲಾಗುತ್ತಿರುವಾಗ, ಗರ್ಭಿಣಿಯಾಗಿದ್ದಾಗ ಆಸ್ಪತ್ರೆ ಬದಲಿಸಬೇಡಿ.

ಹಂತ 2: ಕಾಗದಪತ್ರ ಒಟ್ಟುಮಾಡಿ

ಡಿಸ್ಚಾರ್ಜ್ ಸಮರಿ ಇದ್ದರೆ ಸಾಕು ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಅದರಲ್ಲಿ ‘ಹೃದಯದ ಶಸ್ತ್ರಚಿಕಿತ್ಸೆ ಯಶಸ್ವಿ’ ಎಂಬ ಒಂದು ಸಾಲಿರುತ್ತದೆ. ಇಪ್ಪತ್ತು ವರ್ಷದ ನಂತರ ಇನ್ನೊಬ್ಬ ಸರ್ಜನ್ ಅದೇ ಎದೆಯನ್ನು ತೆರೆಯಬೇಕಾಗಿ ಬಂದರೆ ಅವರಿಗೆ ಬೇಕಾಗುವುದು ಆಪರೇಷನ್ ನೋಟ್: ಯಾವ ದಾರಿಯಿಂದ ಒಳಹೊಕ್ಕರು, ಪ್ಯಾಚ್ ಯಾವುದರದ್ದು, ಕೊಳವೆ ಹಾಕಿದ್ದರೆ ಎಷ್ಟು ಮಿಲಿಮೀಟರ್, ಕರೊನರಿ ರಕ್ತನಾಳ ಅಡ್ಡ ಬಂದಿತ್ತೇ. ಪ್ರತಿ ಆಪರೇಷನ್ನಿನ ನೋಟ್, ಪ್ರತಿ ಕ್ಯಾಥ್ (ರಕ್ತನಾಳದ ಮೂಲಕ ನಳಿಕೆ ತೂರಿಸಿ ಮಾಡುವ ಪರೀಕ್ಷೆ) ವರದಿ, ಕೊನೆಯ ಎಕೋ, ಎಂಆರ್‌ಐ, ಹೋಲ್ಟರ್ (ಇಡೀ ದಿನದ ಇಸಿಜಿ) ವರದಿಗಳ ಪ್ರತಿ ಕೇಳಿ ಪಡೆಯಿರಿ. ಹಳೆಯ ದಾಖಲೆಗಳನ್ನು ಆಸ್ಪತ್ರೆಗಳು ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಮಗು ಅಲ್ಲಿನ ರೋಗಿಯಾಗಿರುವಾಗಲೇ ಕೇಳುವುದು ಸುಲಭ.

ಇಸಿಜಿ ವಿಷಯದಲ್ಲಿ ಎಚ್ಚರ. ಅನೇಕ ಯಂತ್ರಗಳು ಅದನ್ನು ಶಾಖಕ್ಕೆ ಬಣ್ಣ ಬದಲಿಸುವ ನುಣುಪು ಕಾಗದದ ಮೇಲೆ ತೆಗೆಯುತ್ತವೆ. ಕೆಲವೇ ವರ್ಷಗಳಲ್ಲಿ ಗೆರೆ ಮಾಸುತ್ತದೆ. ಅಗ್ಗದ ಪಿವಿಸಿ ಪ್ಲಾಸ್ಟಿಕ್ ಕವರಿನೊಳಗಿಟ್ಟರೆ ಇನ್ನೂ ಬೇಗ. ಜೋಪಾನವಾಗಿರಲೆಂದು ಲ್ಯಾಮಿನೇಷನ್ ಮಾಡಿಸಿದರೆ ಯಂತ್ರದ ಬಿಸಿಗೆ ಇಡೀ ಹಾಳೆ ಕಪ್ಪಗಾಗುತ್ತದೆ. ತೆಗೆಸಿದ ವಾರದೊಳಗೆ ಮಾಮೂಲಿ ಕಾಗದಕ್ಕೆ ಜೆರಾಕ್ಸ್ ಮಾಡಿಸಿ, ಸ್ಕ್ಯಾನ್ ಕೂಡ ಮಾಡಿ. ಎಂಆರ್‌ಐ ಸಿಡಿಯಲ್ಲಿರುವ ಇಡೀ ಫೋಲ್ಡರನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಪರದೆಯ ಫೋಟೊ ತೆಗೆದಿಟ್ಟರೆ ಅದರಿಂದ ಹೊಸ ವೈದ್ಯರು ಏನನ್ನೂ ಅಳೆಯಲಾರರು.

ಹಂತ 3: ಇಡೀ ಹೃದಯ ಒಂದು ಹಾಳೆಯಲ್ಲಿ

ಜನ ಹೆಚ್ಚು ಎಡವುವುದು ಇಲ್ಲಿ. ಎರಡು ಕಿಲೋ ತೂಗುವ ಫೈಲನ್ನು ರಾತ್ರಿ ಎರಡು ಗಂಟೆಗೆ ಎಮರ್ಜೆನ್ಸಿಯಲ್ಲಿ ಯಾರೂ ಓದುವುದಿಲ್ಲ. ಒಂದೇ ಹಾಳೆ ಬೇಕು. ಅದನ್ನು ಈಗಿನ ಮಕ್ಕಳ ಹೃದ್ರೋಗ ತಜ್ಞರೇ ಬರೆದು, ತಾರೀಖು ಹಾಕಿ, ಸಹಿ ಮಾಡಬೇಕು. ನೆನಪಿನಿಂದ ನೀವೇ ಬರೆಯಬೇಡಿ. ಮನೆಯವರು ಬರೆದ ಹಾಳೆಯಲ್ಲಿ ‘ವಾಲ್ವ್ ಹಾಕಿದ್ದಾರೆ’ ಎಂದಿರುತ್ತದೆ. ನಾಲ್ಕರಲ್ಲಿ ಯಾವ ವಾಲ್ವ್, ಲೋಹದ್ದೋ ಅಂಗಾಂಶದ್ದೋ ಎಂದಿರುವುದಿಲ್ಲ. ಲೋಹದ್ದಾದರೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಜೀವನಪೂರ್ತಿ ಬೇಕು. ಅಂಗಾಂಶದ್ದಾದರೆ ಅದು ಸವೆಯುತ್ತದೆ, ಎಳೆಯ ವಯಸ್ಸಿನಲ್ಲಿ ಇನ್ನೂ ಬೇಗ. ಚಿಕಿತ್ಸೆಯ ದಾರಿಯೇ ಬೇರೆ.

ಹಾಳೆಯಲ್ಲಿ ಮೊದಲು ದೋಷದ ಪೂರ್ಣ ಹೆಸರು, ಆಮೇಲೆ ಆಪರೇಷನ್‌ಗಳು ತಾರೀಖಿನ ಸಮೇತ, ಈಗ ಉಳಿದಿರುವ ತೊಂದರೆ, ಮಿಲಿಗ್ರಾಂ ಸಮೇತ ಔಷಧಿ, ಅಲರ್ಜಿ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಬಿಟ್ಟುಹೋಗುವುದು ‘ಈ ರೋಗಿಯ ಮಾಮೂಲು ಏನು’ ಎಂಬ ಭಾಗ, ಮತ್ತು ಜೀವ ಉಳಿಸುವುದು ಅದೇ. ಮಾದರಿಗೆ ಕೆಲವು ಸಾಲುಗಳು:

‘ವಿಶ್ರಾಂತಿಯಲ್ಲಿ ಆಕ್ಸಿಜನ್ ಮಟ್ಟ 84. ಇದೇ ಈತನ ಮಾಮೂಲು.’ ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗಿ ಮೈ ನೀಲಿಗಟ್ಟುವ ದೋಷ ಉಳಿದುಕೊಂಡವರಲ್ಲಿ ಈ ಸಾಲಿಲ್ಲದಿದ್ದರೆ ಗೊತ್ತಿಲ್ಲದ ವೈದ್ಯರು 98ಕ್ಕೆ ಏರಿಸಲು ಹೋಗುತ್ತಾರೆ, ನಿಜವಾದ ಕಾಯಿಲೆ ಹಿಂದೆ ಉಳಿಯುತ್ತದೆ.

‘ಬಿಪಿಯನ್ನು ಬಲಗೈಯಲ್ಲೇ ನೋಡಿ.’ ಮಹಾಪಧಮನಿ ಕಿರಿದಾಗಿದ್ದ ದೋಷವನ್ನು ಎಡಗೈಯ ರಕ್ತನಾಳ ಬಳಸಿ ಸರಿಪಡಿಸಿದ್ದರೆ, ಎಡಗೈಯಲ್ಲಿ ಬಿಪಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಹಳೆಯ ರೀತಿಯ ಬ್ಲೇಲಾಕ್-ಟಾಸಿಗ್ ಶಂಟ್ (ಕೈಯ ರಕ್ತನಾಳವನ್ನು ಶ್ವಾಸಕೋಶದ ಕಡೆಗೆ ತಿರುಗಿಸುವ ಆಪರೇಷನ್) ಮಾಡಿದ ಕೈಯೂ ಹೀಗೇ. ಬಿಪಿ ಏರಿ ಕೂತಿದ್ದರೂ ವರ್ಷಾನುಗಟ್ಟಲೆ ‘ನಾರ್ಮಲ್’ ಎಂದು ಬರೆಸಿಕೊಂಡು ಬರುವುದು ಹೀಗೆ.

‘ಡ್ರಿಪ್ ಪೈಪಿನಲ್ಲಿ ಒಂದು ಗಾಳಿಗುಳ್ಳೆಯೂ ಇರಬಾರದು.’ ಬಲಗಡೆಯ ರಕ್ತ ಎಡಗಡೆಗೆ ಹಾಯುವ ಹೃದಯದಲ್ಲಿ ಆ ಗುಳ್ಳೆ ಶ್ವಾಸಕೋಶದಲ್ಲಿ ಸೋಸಿಹೋಗದೆ ನೇರ ಮಿದುಳಿಗೆ ಹೋಗಬಹುದು.

‘ಹೆಮಟೋಕ್ರಿಟ್ 55ಕ್ಕಿಂತ ಹೆಚ್ಚು. ಐಎನ್‌ಆರ್ ಟ್ಯೂಬಿನಲ್ಲಿ ಸಿಟ್ರೇಟ್ ಹೊಂದಿಸಿ.’ ಹೆಮಟೋಕ್ರಿಟ್ ಎಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂಬ ಅಳತೆ. ರಕ್ತ ದಟ್ಟವಾಗಿರುವವರಲ್ಲಿ ಮಾಮೂಲಿ ಟ್ಯೂಬಿನಲ್ಲಿರುವ ಸಿಟ್ರೇಟ್ (ಹೆಪ್ಪುತಡೆ) ಹೆಚ್ಚಾಗಿ, ಐಎನ್‌ಆರನ್ನು ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಅದನ್ನು ನಂಬಿ ವಾರ್ಫರಿನ್ ಇಳಿಸಿದರೆ ಹೆಪ್ಪುಗಟ್ಟುವ ಅಪಾಯ.

ಪೇಸ್‌ಮೇಕರ್ ಇದ್ದರೆ ಕಂಪನಿ, ಮಾಡೆಲ್, ಹೃದಯ ಪೂರ್ತಿ ಅದನ್ನೇ ನೆಚ್ಚಿಕೊಂಡಿದೆಯೇ, ಹಳೆಯ ತಂತಿ ಒಳಗೇ ಉಳಿದಿದೆಯೇ ಎಂಬುದೂ ಬೇಕು. ಎಂಆರ್‌ಐ ಮಾಡಬಹುದೇ ಇಲ್ಲವೇ ಎಂಬುದು ಇದರ ಮೇಲಿದೆ. ಹಾಳೆಯ ಹಿಂಬದಿಗೆ ಆರೋಗ್ಯವಾಗಿದ್ದಾಗಿನ ಇಸಿಜಿಯ ಪ್ರತಿ ಅಂಟಿಸಿ. ಫ್ಯಾಲೋ ರಿಪೇರಿಯಾದ ಹೆಚ್ಚಿನವರ ಇಸಿಜಿಯಲ್ಲಿ ಬಡಿತದ ಅಲೆ ಅಗಲವಾಗಿಯೇ ಇರುತ್ತದೆ. ಹೋಲಿಸಲು ಹಳೆಯದಿದ್ದರೆ ಹೊಸ ಬದಲಾವಣೆ ಯಾವುದೆಂದು ಎದುರಿಗಿರುವ ವೈದ್ಯರಿಗೆ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಸಿಗುವ, ಮೊದಲೇ ಅಚ್ಚಾದ ‘ಮೆಡಿಕಲ್ ಕಾರ್ಡ್’ ಕೊಳ್ಳಬೇಡಿ. ‘ಹೃದ್ರೋಗ: ಇದೆ/ಇಲ್ಲ’ ಎಂಬ ಚೌಕದಲ್ಲಿ ಮೇಲಿನ ಒಂದು ಸಾಲೂ ಹಿಡಿಯುವುದಿಲ್ಲ. ಮೊಬೈಲ್ ಆ್ಯಪ್ ಒಂದನ್ನೇ ನಂಬುವುದೂ ಬೇಡ: ಪ್ರಜ್ಞೆ ತಪ್ಪಿದವರ ಫೋನ್ ಲಾಕ್ ತೆಗೆಯುವವರು ಯಾರು? ಪರ್ಸಿನಲ್ಲಿ ಕಾಗದ ಇರಲೇಬೇಕು, ಫೋನಿನಲ್ಲಿ ಅದರ ಫೋಟೊ ಇರಲಿ. ವರ್ಷಕ್ಕೊಮ್ಮೆ ಹೊಸದು ಬರೆಸಿ.

ಹಂತ 4: ಮಗುವಿನ ಬಾಯಲ್ಲೇ ಉತ್ತರ ಬರಲಿ

ವೈದ್ಯರು ‘ಹೇಗಿದ್ದೀಯಪ್ಪಾ?’ ಎಂದು ಹುಡುಗನನ್ನು ಕೇಳುತ್ತಾರೆ, ಉತ್ತರ ಅಮ್ಮನಿಂದ ಬರುತ್ತದೆ. ಹದಿನೈದು ವರ್ಷ ಪ್ರಾಣ ಹಿಡಿದುಕೊಂಡು ಕಾಯ್ದ ತಾಯಿಗೆ ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ಅರ್ಥವಾಗುವಂಥದ್ದೇ. ಆದರೂ ಸುಮ್ಮನಿರಬೇಕು. ಹದಿಮೂರು–ಹದಿನಾಲ್ಕರಿಂದ ಪ್ರತಿ ಚೆಕಪ್‌ನಲ್ಲಿ ಮೊದಲ ಹತ್ತು ನಿಮಿಷ ಮಗು ಒಂಟಿಯಾಗಿ ವೈದ್ಯರ ಜತೆ ಮಾತಾಡಲಿ, ನೀವು ಹೊರಗಿರಿ. ಹದಿನೇಳರ ಹೊತ್ತಿಗೆ ಇದು ತಿರುಗಬೇಕು: ಕೊನೆಯ ಹತ್ತು ನಿಮಿಷ ಮಾತ್ರ ನೀವು ಒಳಗೆ.

ಆ ಹೊತ್ತಿಗೆ ಅವರಿಗೆ ತಮ್ಮ ದೋಷದ ಹೆಸರು ಹೇಳಲು, ಹೃದಯದ ಚಿತ್ರ ಗೀಚಿ ಎಲ್ಲಿ ಏನು ಮಾಡಿದ್ದಾರೆಂದು ತೋರಿಸಲು ಬರಬೇಕು. ‘ಬೆಳಿಗ್ಗೆ ಬಿಳಿ ಮಾತ್ರೆ, ರಾತ್ರಿ ಗುಲಾಬಿ’ ಎಂದರೆ ಸಾಲದು. ಬ್ರ್ಯಾಂಡ್ ಬದಲಾದ ದಿನ ಬಣ್ಣವೂ ಬದಲಾಗುತ್ತದೆ. ಔಷಧಿಯ ಹೆಸರು, ಮಿಲಿಗ್ರಾಂ, ಯಾಕೆ ಎಂಬುದು ಬಾಯಿಗೆ ಬರಲಿ. ಅಪಾಯಿಂಟ್‌ಮೆಂಟ್ ಅವರೇ ಫೋನ್ ಮಾಡಿ ತೆಗೆದುಕೊಳ್ಳಲಿ, ಮಾತ್ರೆ ಮುಗಿಯುವ ಮುನ್ನ ಅವರೇ ತರಲಿ.

ಜ್ವರದ ಪಾಠವನ್ನು ಬಿಡಿಸಿ ಹೇಳಿ. ಕೃತಕ ಕವಾಟ ಇದ್ದವರಿಗೆ ಅಥವಾ ದೋಷ ಉಳಿದವರಿಗೆ ಕಾರಣ ತಿಳಿಯದ ಜ್ವರ ನಾಲ್ಕೈದು ದಿನ ಬಿಡದಿದ್ದರೆ ಹೃದಯದ ಒಳಪದರಕ್ಕೆ ಸೋಂಕು ತಗುಲಿರಬಹುದು. ಆಂಟಿಬಯಾಟಿಕ್ ಶುರು ಮಾಡುವ ಮೊದಲೇ ಬ್ಲಡ್ ಕಲ್ಚರ್‌ಗೆ ರಕ್ತ ತೆಗೆಸಬೇಕು. ಮೊದಲು ಎರಡು ದಿನ ಮಾತ್ರೆ ನುಂಗಿ ಆಮೇಲೆ ಹೋದರೆ ರೋಗಾಣು ಅಡಗಿ ಪರೀಕ್ಷೆಯಲ್ಲಿ ಕಾಣಿಸದೆ ಹೋಗುತ್ತದೆ, ರೋಗ ಮಾತ್ರ ಒಳಗೆ ಬೆಳೆಯುತ್ತಿರುತ್ತದೆ. ಹಲ್ಲು ಕೀಳಿಸುವ ಮೊದಲು ಆಂಟಿಬಯಾಟಿಕ್ ಎಲ್ಲ ಹೃದ್ರೋಗಿಗಳಿಗೂ ಬೇಡ. ಕೃತಕ ಕವಾಟ, ಹಿಂದೆ ಈ ಸೋಂಕು ಆಗಿದ್ದದ್ದು, ರಿಪೇರಿಯಾಗದ ನೀಲಿ ದೋಷ, ಪ್ಯಾಚ್ ಅಥವಾ ಡಿವೈಸ್ ಹಾಕಿ ಆರು ತಿಂಗಳಾಗದಿರುವುದು, ಪ್ಯಾಚಿನ ಬಳಿ ಸೋರಿಕೆ ಉಳಿದಿರುವುದು — ಇಂಥವರಿಗೆ ಬೇಕು. ಪೆನಿಸಿಲಿನ್ ಅಲರ್ಜಿ ಇಲ್ಲದ ದೊಡ್ಡವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ, 30ರಿಂದ 60 ನಿಮಿಷ ಮೊದಲು, ಒಂದೇ ಸಲ.

ಎದೆ ಡವಗುಟ್ಟಿ ತಲೆ ಸುತ್ತಿದರೆ ಅಥವಾ ಎಚ್ಚರ ತಪ್ಪಿದರೆ ಅಂದೇ ಆಸ್ಪತ್ರೆ. ಸ್ಮಾರ್ಟ್‌ವಾಚ್ ‘ನಾರ್ಮಲ್’ ಎಂದಿತೆಂದು ಮನೆಯಲ್ಲಿ ಉಳಿಯಬೇಡಿ. ಆಪರೇಷನ್ ಆದ ಹೃತ್ಕರ್ಣಗಳಲ್ಲಿ ಹುಟ್ಟುವ ಲಯದೋಷ ಅನೇಕ ಸಲ ಒಂದೇ ಸಮನೆ ಬಡಿಯುತ್ತದೆ. ಅಡ್ಡಾದಿಡ್ಡಿ ಬಡಿತ ಹುಡುಕುವ ಕೈಗಡಿಯಾರಕ್ಕೆ ಅದು ತಪ್ಪಿಹೋಗಬಹುದು.

ಹೆಣ್ಣುಮಕ್ಕಳಿಗೆ ಬಸಿರಿನ ಮಾತನ್ನು ಹದಿನೈದು–ಹದಿನಾರಕ್ಕೇ, ಒಂಟಿಯಾಗಿ, ಮುಜುಗರವಿಲ್ಲದೆ ಆಡಬೇಕು. ಹೆಚ್ಚಿನವರು ಸುರಕ್ಷಿತವಾಗಿ ತಾಯಿಯಾಗಬಲ್ಲರು ಎಂಬುದನ್ನು ಮೊದಲು ಹೇಳಿ. ಶ್ವಾಸಕೋಶದ ರಕ್ತದೊತ್ತಡ ಏರಿದವರಂಥ ಕೆಲವರಿಗೆ ಬಸಿರು ಪ್ರಾಣಕ್ಕೇ ಕುತ್ತು. ವಾರ್ಫರಿನ್ ಮೊದಲ ಮೂರು ತಿಂಗಳಲ್ಲಿ ಭ್ರೂಣಕ್ಕೆ ಹಾನಿ ಮಾಡಬಲ್ಲದು. ಹೆದರಿ ತಾನೇ ನಿಲ್ಲಿಸಿದರೆ ಲೋಹದ ಕವಾಟದಲ್ಲಿ ರಕ್ತ ಹೆಪ್ಪುಗಟ್ಟಿ ಅದು ನಿಂತುಹೋಗಬಹುದು. ಹಾಗಾಗಿ ಯೋಜನೆ ಬಸಿರಿಗೆ ಮೊದಲೇ ಆಗಬೇಕು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ಫಾಂಟನ್ (ಒಂದೇ ಹೃತ್ಕುಕ್ಷಿ ನೆಟ್ಟಗಿರುವ ಹೃದಯಕ್ಕೆ ಮಾಡುವ ಆಪರೇಷನ್) ಆದವರಿಗೆ, ನೀಲಿಗಟ್ಟುವವರಿಗೆ, ಲೋಹದ ಕವಾಟದವರಿಗೆ ಹೆಪ್ಪಿನ ಅಪಾಯ ತರುತ್ತದೆ. ಶ್ವಾಸಕೋಶದ ರಕ್ತದೊತ್ತಡಕ್ಕೆ ಕೊಡುವ ಬೋಸೆಂಟನ್ ತೆಗೆದುಕೊಳ್ಳುವವರಲ್ಲಿ ಹಾರ್ಮೋನ್ ಮಾತ್ರೆಯ ಬಲವೇ ಕುಗ್ಗುತ್ತದೆ.

ಹಂತ 5: ಹೊಸ ವೈದ್ಯರನ್ನು ಆರಿಸಿ

ಹೃದಯಾಘಾತ, ಸ್ಟೆಂಟ್ ಚಿಕಿತ್ಸೆಯಲ್ಲಿ ಪಳಗಿದವರೆಲ್ಲ ಹುಟ್ಟು ದೋಷದ ಹೃದಯ ಬಲ್ಲವರಲ್ಲ. ‘ವಯಸ್ಕರ ಜನ್ಮಜಾತ ಹೃದ್ರೋಗ’ ನೋಡುವವರೇ ಬೇಕು. ದೂರವಾದರೆ ವರ್ಷಕ್ಕೊಮ್ಮೆ ಅಲ್ಲಿಗೆ, ನಡುವೆ ಹತ್ತಿರದವರಲ್ಲಿಗೆ. ಮೊದಲೇ ಕೇಳಿಕೊಳ್ಳಿ: ‘ಫಾಂಟನ್ ಆದವರ ಲಿವರ್ ಕೂಡ ನೋಡುತ್ತೀರಾ?’ ಆ ಆಪರೇಷನ್ ನಂತರ ಲಿವರ್ ಗಟ್ಟಿಯಾಗುತ್ತ ಹೋಗುವುದು ಬಲ್ಲವರಿಗೆ ಈ ಪ್ರಶ್ನೆ ಹೊಸದಾಗಿರುವುದಿಲ್ಲ.

ಡೌನ್ ಸಿಂಡ್ರೋಮ್‌ನಂಥ ಕಾರಣದಿಂದ ಸ್ವಂತ ನಿರ್ಧಾರ ಕಷ್ಟವಾದ ಮಕ್ಕಳಿಗೆ, ಒಪ್ಪಿಗೆ ಸಹಿ ಯಾರದ್ದೆಂಬುದನ್ನು ಹದಿನೆಂಟು ತುಂಬುವ ಮೊದಲೇ ಕಾನೂನು ಪ್ರಕಾರ ಮಾಡಿಸಿಟ್ಟುಕೊಳ್ಳಿ.

ಹಂತ 6: ಕೈ ಬದಲಾಯಿಸುವ ದಿನ

ಕೊನೆಯ ಮಕ್ಕಳ ಚೆಕಪ್ ಮುಗಿಸಿ ಹೊರಬರುವಾಗ ಹೊಸ ಕಡೆಯ ತಾರೀಖು ಕೈಯಲ್ಲಿರಬೇಕು. ‘ಹೋಗಿ ತೋರಿಸಿ’ ಎಂಬ ಚೀಟಿ ಮಾತ್ರ ಹಿಡಿದು ಬಂದವರೇ ಕಳೆದುಹೋಗುವುದು. ಎರಡೂ ವೈದ್ಯರು ಒಮ್ಮೆ ಒಟ್ಟಿಗೆ ನೋಡಿದರೆ ಅದಕ್ಕಿಂತ ಒಳ್ಳೆಯದಿಲ್ಲ. ನಡುವಿನ ತಿಂಗಳುಗಳಲ್ಲಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕೆಂದು ಬರೆಸಿಕೊಳ್ಳಿ. ಮಾತ್ರೆಗೆ ಮೂರು ತಿಂಗಳ ಚೀಟಿ ಪಡೆಯಿರಿ. ಮಕ್ಕಳ ವಿಭಾಗದವರಿಗೆ ಒಂದು ಕೋರಿಕೆ: ಹೊಸ ಕಡೆಯಿಂದ ‘ನೋಡಿದ್ದೇವೆ’ ಎಂಬ ಪತ್ರ ಬರುವವರೆಗೆ ಫೈಲ್ ಮುಚ್ಚಬೇಡಿ, ಬರದಿದ್ದರೆ ಮನೆಗೆ ಫೋನ್ ಮಾಡಿ. ಹೊಸ ವಿಭಾಗದವರೂ ಎರಡನೆಯ ಚೆಕಪ್‌ಗೆ ಬಾರದವರಿಗೆ ಅದೇ ವಾರ ಫೋನ್ ಮಾಡಲಿ, ಮನೆಯವರಿಗಿಂತ ಮೊದಲು ಆ ಹುಡುಗ ಅಥವಾ ಹುಡುಗಿಯ ನಂಬರಿಗೇ.