ಐದು ಎಸಳಿನ ಆ ಕಾಡುಹೂವು

ದಾರಿಬದಿಯ ಕಳೆಗಳ ನಡುವೆ ಕಂಡ ಹೂವು. ಮಧ್ಯದಲ್ಲಿ ಹಳದಿ ಬೊಟ್ಟು, ಸುತ್ತ ಕೆನೆಬಣ್ಣದ ಐದು ಎಸಳು, ಸೇವಂತಿಗೆಯ ಬಡ ನೆಂಟನ ಹಾಗೆ. ನೆಲದ ಮೇಲೆ ಹರಡಿದ್ದ ಕಾಂಡಗಳನ್ನು ಅತ್ತ ಸರಿಸಿ ಹತ್ತು ಫೋಟೋ ತೆಗೆದೆ. ಮೊಬೈಲಿನ ಆ್ಯಪ್ ಮೂರು ಫೋಟೋಗೆ ಮೂರು ಹೆಸರು ಹೇಳಿತು. ಅದನ್ನು ಬೈದು ಪ್ರಯೋಜನವಿಲ್ಲ. ಹತ್ತರಲ್ಲೂ ಇದ್ದದ್ದು ಹೂವಿನ ಮುಖ ಮಾತ್ರ, ಎಲೆಯಿಲ್ಲ, ತೊಟ್ಟಿಲ್ಲ.

ಮರುದಿನ ಭೂತಗನ್ನಡಿ, ಬ್ಲೇಡು ಹಿಡಿದು ಹೋದೆ. ಹೂವನ್ನು ಉದ್ದಕ್ಕೆ ಸೀಳಿ ನೋಡಿದರೆ, ನಾನು ಎಸಳೆಂದು ಎಣಿಸಿದ್ದು ಎಸಳೇ ಅಲ್ಲ. ಒಂದೊಂದೂ ಇಡೀ ಹೂವು: ಬುಡದಲ್ಲಿ ಅದರದೇ ಅಂಡಾಶಯ, ಮೇಲೆ ಹಾವಿನ ನಾಲಿಗೆಯಂತೆ ಸೀಳಿದ, ಪರಾಗ ಹಿಡಿಯುವ ಶಲಾಕಾಗ್ರ. ಹಳದಿ ಬೊಟ್ಟು ಪುಟ್ಟ ಕೊಳವೆ ಹೂಗಳ ಗುಂಪು. ಅಂಚಿನವು ಅರಳಿದ್ದವು, ನಡುವಿನವು ಇನ್ನೂ ಮೊಗ್ಗು. ಸೂರ್ಯಕಾಂತಿ ಕುಟುಂಬವೆಂಬುದು ಖಾತ್ರಿಯಾಯಿತು. ಆದರೆ ಆ ಕುಟುಂಬದಲ್ಲಿ 20,000ಕ್ಕೂ ಹೆಚ್ಚು ಪ್ರಭೇದಗಳಿವೆ!

ಕಾಂಡ ಮುರಿದೆ, ಹಾಲು ಒಸರಲಿಲ್ಲ. ಹಾಲು ಒಸರುವ ಡ್ಯಾಂಡೆಲಿಯನ್ ಬಳಗ ಹೊರಗೆ. ಎಲೆಗಳು ಎದುರುಬದುರು ಜೋಡಿಯಾಗಿದ್ದವು, ಒಂದೊಂದಾಗಿ ಎಲೆ ಬಿಡುವ ಸೇವಂತಿಗೆಯೂ ಹೊರಗೆ. ಗರುಗದ ಸೊಪ್ಪಿರಬಹುದೇ? ಅದರ ಹೂವಿನ ಸುತ್ತ ದಾರದಂಥ ಸಣ್ಣ ಎಸಳುಗಳು ಐದಲ್ಲ, ಒತ್ತೊತ್ತಾಗಿ ಬಹಳ. ಬೈಡೆನ್ಸ್ ಪಿಲೋಸಾ ಎಂಬ ಕಳೆ ಎನ್ನೋಣವೆಂದರೆ ಅದರ ಎಲೆ ಸಾಮಾನ್ಯವಾಗಿ ಮೂರು ಕಿರುಎಲೆಗಳಾಗಿ ಒಡೆದಿರುತ್ತದೆ. ಇದರದು ಹಲ್ಲುಹಲ್ಲಾದ ಅಂಚಿನ, ಒರಟು ರೋಮದ, ಒಡೆಯದ ಎಲೆ.

ನನ್ನನ್ನು ಸತಾಯಿಸಿದ್ದು ಗ್ಯಾಲಿನ್ಸೋಗ ಎಂಬ ಇನ್ನೊಂದು ಕಳೆ. ಅದಕ್ಕೂ ಐದೇ ಬಿಳಿ ಎಸಳು, ತುದಿಯಲ್ಲಿ ಇದರಂತೆಯೇ ಮೂರು ಕಚ್ಚು, ಎಲೆಯೂ ಎದುರುಬದುರು. ಅದರ ಹೂ ತೀರಾ ಚಿಕ್ಕದು, ಅರ್ಧ ಸೆಂಟಿಮೀಟರಿನಷ್ಟು. ಸಣ್ಣ ತೊಟ್ಟುಗಳ ಮೇಲೆ ಗುಂಪಾಗಿ ಬಿಡುತ್ತದೆ. ನನ್ನದು ಗೇಣುದ್ದದ ತೊಟ್ಟಿನ ತುದಿಗೆ ಒಂದೇ ಒಂದು. ಆದರೂ ಬರೀ ಗಾತ್ರ ನಂಬಿ ತೀರ್ಮಾನಿಸುವ ಧೈರ್ಯ ನನಗಿಲ್ಲ, ಬಡ ಮಣ್ಣಿನಲ್ಲಿ ಯಾವ ಗಿಡವೂ ಕುಗ್ಗುತ್ತದೆ. ಹಾಗಾಗಿ ಒಂದು ಹೂವಿನ ತೊಟ್ಟಿಗೆ ಕೆಂಪು ದಾರ ಕಟ್ಟಿ, ಬೀಜವಾಗಲಿ ಎಂದು ಬಿಟ್ಟುಬಂದೆ. ದಿನಾ ಹೋಗಿ ಕಳೆಗಿಡದೆದುರು ಕುಕ್ಕರಗಾಲಲ್ಲಿ ಕೂರುತ್ತಿದ್ದವನನ್ನು ಕಂಡವರು ಏನಂದುಕೊಂಡರೋ.

ಕೊನೆಗೆ ದಾರ ಕಟ್ಟಿದ್ದ ಹೂವಿನ ತಲೆ ಬೂದು ಚೆಂಡಿನಂತೆ ಬಿಚ್ಚಿಕೊಂಡಿತು. ಒಂದು ಬೀಜ ಕಿತ್ತು ಭೂತಗನ್ನಡಿಯಡಿ ಹಿಡಿದೆ. ಮೇಲೆ ಕೂದಲ ಕುಚ್ಚು, ಪ್ರತಿ ಕೂದಲಿಗೂ ಹಕ್ಕಿಯ ಗರಿಯಂತೆ ಪಕ್ಕದ ಎಳೆಗಳು. ಗ್ಯಾಲಿನ್ಸೋಗದ ಬೀಜದ ಮೇಲಾಗಿದ್ದರೆ ಜಾಲರಿಯಂಚಿನ ಕಿರುಪೊರೆಗಳಿರಬೇಕಿತ್ತು, ಬೈಡೆನ್ಸಿನದಾಗಿದ್ದರೆ ಬಟ್ಟೆಗೆ ಚುಚ್ಚುವ ಮುಳ್ಳು.

ಹಾಗಾದರೆ ಇದು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಪ್ರೊಕಂಬೆನ್ಸ್ ಎಂದರೆ ನೆಲಕ್ಕೆ ಒರಗಿದ್ದು ಎಂದರ್ಥ. ಮೊದಲ ದಿನ ಫೋಟೋಗೆ ಅಡ್ಡವೆಂದು ನಾನು ಅತ್ತ ಸರಿಸಿದ್ದು ಅದೇ ಕಾಂಡಗಳನ್ನು.